ಬಾರದ ಮಳೆಗೊಂದು ಹೊದಿಕೆ

ದೂರು ಕೇಳಿಸಿಕೊಳ್ಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಎದುರಿನವರು ಏನೇ ಹೇಳಲಿ, ತಪ್ಪು ಅವರದೇ ಇರಬೇಕು ಎಂದುಕೊಂಡೇ ಮಾತು ಶುರು ಮಾಡುತ್ತಾರೆ. ವಿಜಯಪುರದ ಮುಗಿಲು ಕೇಂದ್ರದ ಸಹಾಯವಾಣಿಯಲ್ಲಿ ಕೂತು ಕೂತು ರಾವುತಪ್ಪನಿಗೂ ಅದು ಅಂಟಿತ್ತು. ಎಷ್ಟರಮಟ್ಟಿಗೆ ಎಂದರೆ, ಆ ದಿನ ಬೆಳಿಗ್ಗೆ ಸ್ವಂತ ಹೆಂಡತಿ ಊರಿನಿಂದ ಫೋನು ಮಾಡಿದಾಗಲೂ ಅವನ ಬಾಯಿಂದ ಬಂದದ್ದು ಅದೇ ಹಳೆಯ ಪಾಠ.

“ರೀ, ಕಂಪ್ಯೂಟರಿನ್ಯಾಗ ನಿಮ್ಮ ಮುಗಿಲು ನಿಂತಬಿಟ್ಟೈತಿ,” ಎಂದಳು ಕಾಶೀಬಾಯಿ. “ಇನ್ನೂ ನಿನ್ನಿ ಸಂಜೀದ ತೋರಸಾಕತ್ತೈತಿ. ಆ ಬಾಣ ಒಂದ ಸವನ ಸುತ್ತಾಕತ್ತೈತಿ, ನಿಲ್ಲವಲ್ದು.”

“ಒಮ್ಮೆ ಬಂದ್ ಮಾಡಿ ಚಾಲೂ ಮಾಡು.”

“ಮಾಡೀನಿ.”

“ಇಂಟರ್ನೆಟ್ ಐತೇನು?”

“ಐತಿ. ನಿಮಗ ಫೋನ್ ಹಚ್ಚಿದ್ದೂ ಅದರಾಗನ.”

“ತಾರೀಖ ಸರಿ ಐತೇನ ನೋಡು. ತಾರೀಖ ತಪ್ಪಿದ್ರೂ ಹಿಂಗಾಕ್ಕೈತಿ.”

“ತಾರೀಖ, ಟೈಮು, ಊರ ಹೆಸರು ಎಲ್ಲಾ ಸರಿ ಅದಾವ. ಮುಗಿಲನ್ನ ತಗದು ಮತ್ತ ಹಾಕೂದೂ ಆತು. ನಿಮ್ಮ ಪಾಠ ನನಗ ಬಾಯಾಗ ಬರತೈತ್ರಿ. ಮುಂದಿಂದು ಹೇಳ್ರಿ.”

ಮುಂದಿನದು ರಾವುತಪ್ಪನ ಹತ್ತಿರ ಇರಲಿಲ್ಲ. ನೋಡ್ತೀನಿ ಎಂದು ಫೋನಿಟ್ಟ.

ಮುಗಿಲು ಅಂದರೆ ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ಕೂರುವ ಒಂದು ಪುಟ್ಟ ಚೌಕ. ಬಿಸಿಲೆಷ್ಟು, ಗಾಳಿಯೆಷ್ಟು, ಮಳೆ ಇದೆಯೋ ಇಲ್ಲವೋ, ಇಷ್ಟೇ ಅದರ ಸಮಾಚಾರ. ಅಂಥವು ಪ್ರಪಂಚದಲ್ಲಿ ಬೇಕಾದಷ್ಟಿವೆ. ಆದರೆ ಇದು ಜಿಲ್ಲೆಗೆಲ್ಲ ಒಂದೇ ಮಾತು ಹೇಳಿ ಕೈತೊಳೆದುಕೊಳ್ಳುವಂಥದ್ದಲ್ಲ. ಒಂದೊಂದು ಊರಿಗೆ ಬೇರೆ ಬೇರೆ ಹೇಳುತ್ತದೆ, ಹೇಳಿದ್ದು ಸುಳ್ಳಾಗುವುದು ಅಪರೂಪ. ತೋಳನಮಡ್ಡಿಯಂಥ ಊರಿನ ಬದುಕು ಅದರ ಮೇಲೇ ನಿಂತಿತ್ತು.

ಒಂದು ಕಾಲಕ್ಕೆ ತೋಳನಮಡ್ಡಿಯಲ್ಲಿ ಕಲ್ಲು ಬಿಟ್ಟರೆ ಗಾಳಿ, ಗಾಳಿ ಬಿಟ್ಟರೆ ಕಲ್ಲು. ಆ ಒಣಗಾಳಿಯೇ ಈಗ ಅದರ ಭಾಗ್ಯವಾಗಿತ್ತು. ಗುಡ್ಡದ ಪಡುವಣ ಇಳಿಜಾರಿನಲ್ಲಿ ಅರ್ಧ, ಮೂಡಣ ಇಳಿಜಾರಿನಲ್ಲಿ ಅರ್ಧ, ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ಸುತ್ತಲಿನ ತೋಟದ ದ್ರಾಕ್ಷಿಯೆಲ್ಲ ಇಲ್ಲಿಗೆ ಬಂದು, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿಸಿಕೊಂಡು, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಮಲಗಿ ಮಣೂಕವಾಗುತ್ತದೆ. ದಕ್ಷಿಣದವರು ಒಣದ್ರಾಕ್ಷಿ ಎನ್ನುವುದನ್ನು ಇಲ್ಲಿಯವರು ಮಣೂಕ ಎನ್ನುತ್ತಾರೆ.

ಈಗಿನ ಶೆಡ್ಡುಗಳ ಸೂರಿಗೆ ಎರಡು ಪದರ. ಕಪ್ಪು ಪದರ ಬಿಸಿಲು ಕುಡಿದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಹಿಂದೆ ಎರಡು ಮೂರು ವಾರ ಹಿಡಿಯುತ್ತಿದ್ದ ಕೆಲಸ ಒಂದೇ ವಾರಕ್ಕೆ ಮುಗಿಯುತ್ತದೆ. ಮಳೆ ಬರುವ ಹಾಗಿದ್ದರೆ ಗುಂಡಿ ಒತ್ತಬೇಕು. ಆಗ ಬಿಳಿ ಪದರ ಸೂರಿನ ಮೇಲೂ ನಾಲ್ಕು ಮಗ್ಗುಲಿಗೂ ಇಳಿದು ಶೆಡ್ಡು ಮುಚ್ಚಿದ ಪೆಟ್ಟಿಗೆಯಾಗುತ್ತದೆ. ಒಳಗೆ ನೀರು ಬರುವುದಿಲ್ಲ. ಗಾಳಿಯೂ ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಅರೆಬರೆ ಒಣಗಿದ ದ್ರಾಕ್ಷಿ ಒಂದು ಹಗಲು ಹಾಗೆ ಬೆವೆತರೆ ಹಸಿರು ಬಣ್ಣ ಹೋಗಿ ಕರ್ರಗಾಗುತ್ತದೆ. ತಿನ್ನಲಿಕ್ಕೇನೂ ಅಡ್ಡಿಯಿಲ್ಲ. ಹಸಿರು ಮಣೂಕದ ಮರ್ಯಾದೆ ಮಾತ್ರ ಅದಕ್ಕೆ ಸಿಗುವುದಿಲ್ಲ.

ಕಾಶೀಬಾಯಿಯ ಶೆಡ್ಡಿನಲ್ಲಿ ಆಗ ಇದ್ದದ್ದು ಅವಳ ತೋಟದ ಮೊಟ್ಟಮೊದಲ ಫಸಲು. ತವರಿನಿಂದ ಬಂದ ಕಲ್ಲುಭೂಮಿಯಲ್ಲಿ ದ್ರಾಕ್ಷಿ ಹಚ್ಚುತ್ತೇನೆ ಎಂದಾಗ ಊರು ನಕ್ಕಿತ್ತು. ರಾವುತಪ್ಪನೂ ನಕ್ಕಿದ್ದ. ಅವಳು ಯಾರ ಹತ್ತಿರವೂ ವಾದಕ್ಕೆ ನಿಲ್ಲದೆ ಬಳ್ಳಿ ಹಚ್ಚಿ, ವರ್ಷಗಟ್ಟಲೆ ಕಾದು, ಈ ಸಲ ಗೊಂಚಲು ಕಂಡಿದ್ದಳು. ತೀರಿಕೊಂಡ ತಾಯಿ ಭೌರವ್ವನ ಹೆಸರು ಹಾಕಿಸಿದ ರಟ್ಟಿನ ಪೆಟ್ಟಿಗೆಗಳು ಆಗಲೇ ಮನೆಗೆ ಬಂದು ಪಡಸಾಲೆಯಲ್ಲಿ ಕೂತಿದ್ದವು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಹಸಿರು ಮಣೂಕ’ ಎಂದಿತ್ತು. ದ್ರಾಕ್ಷಿ ಶೆಡ್ಡಿಗೇರಿ ಮೂರನೆಯ ದಿನ, ಅಂದರೆ ಬಣ್ಣ ನಿಲ್ಲುವ ಇಲ್ಲವೆ ಕೆಡುವ ದಿನ, ಇವತ್ತೇ.

ಅಷ್ಟರಲ್ಲಿ ತೋಳನಮಡ್ಡಿಯ ಮೀರಾಸಾಬ ಬಾಗವಾನ ಫೋನು ಮಾಡಿದ. ಅವನ ಹಿಂದೆ ಶೆಡ್ಡಿನವರ ಸೊಸೈಟಿಯ ಅಧ್ಯಕ್ಷರಾದ ಚನಗೊಂಡ ಗೌಡರು. ಆಮೇಲೆ ಒಬ್ಬರ ಹಿಂದೊಬ್ಬರು. ಎಲ್ಲರದೂ ಒಂದೇ ದೂರು, ಬಾಣ ಸುತ್ತುತ್ತಿದೆ. ಪಕ್ಕದ ಹಳ್ಳಿಗಳಲ್ಲಿ ಮುಗಿಲು ಸರಿಯಾಗಿಯೇ ನಡೆಯುತ್ತಿತ್ತು. ಹೆಂಡತಿಯ ಕಂಪ್ಯೂಟರನ್ನು ಅನುಮಾನಿಸಿದ್ದಕ್ಕೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು ರಾವುತಪ್ಪ ಎದ್ದು ಮಹಡಿಯ ಮೇಲಿನ ಲೆಕ್ಕದ ಕೋಣೆಗೆ ಹೋದ.

ಲೆಕ್ಕದ ಕೋಣೆಯ ಯಜಮಾನಿಕೆ ಧಾರವಾಡದ ವಸುಧಾ ಹುಯಿಲಗೋಳ ಅವರದು. ಮುಗಿಲಿನ ಗಣಿತವನ್ನು ಕಟ್ಟಿದವರು ಅವರೇ. ಗೋಡೆಯ ತುಂಬ ಇದ್ದ ಪರದೆಯ ಮೇಲೆ ಒಂದೊಂದು ಶೆಡ್ಡೂ ಒಂದು ಚುಕ್ಕೆ. ಸೂರು ಕಪ್ಪಿದ್ದರೆ ಚುಕ್ಕೆ ಕಪ್ಪು, ಮುಚ್ಚಿದ್ದರೆ ಬಿಳಿ. ಆ ಹೊತ್ತಿಗೆ ತೋಳನಮಡ್ಡಿಯೆಲ್ಲ ಕಪ್ಪು. ಪಕ್ಕದ ಸಣ್ಣ ಪರದೆಯಲ್ಲಿ ಆ ಊರಿನ ಲೆಕ್ಕ ಮೇಲಿಂದ ಕೆಳಗೆ ಓಡುತ್ತಿತ್ತು. ‘ಮಳೆ’ ಎಂದಿತು. ಮರುಕ್ಷಣ ‘ಮಳೆ ಇಲ್ಲ’ ಎಂದಿತು. ಮತ್ತೆ ‘ಮಳೆ’. ಮತ್ತೆ ‘ಇಲ್ಲ’.

“ಮೇಡಂ, ಇದಕ್ಕೇನ ಹುಚ್ಚು ಹಿಡದೈತೇನ್ರಿ?”

“ಹುಚ್ಚಿಲ್ಲ ರಾವುತಪ್ಪನವರ. ಬಾಳ ಶಾಣ್ಯಾ ಆಗೇದ, ಅದ ತ್ರಾಸ,” ಎಂದರು ವಸುಧಾ. ಬೆಳಗಿನಿಂದ ಅವರು ಕುರ್ಚಿ ಬಿಟ್ಟು ಎದ್ದಂತೆ ಕಾಣಲಿಲ್ಲ. ಚಹಾ ಆರಿ ಕೆನೆಗಟ್ಟಿತ್ತು. “ಎರಡು ಸಲ ಲೆಕ್ಕ ಹಾಕಿ ಎರಡೂ ಸಲ ಒಂದ ಉತ್ತರ ಬಂದ್ರ ಮಾತ್ರ ಜನರಿಗೆ ತೋರಸು ಅಂತ ಅದಕ್ಕ ಹೇಳಿಟ್ಟೇನಿ. ಉತ್ತರ ನಿಲ್ಲವಲ್ದು. ಹಿಂಗಾಗಿ ಅದು ಏನೂ ತೋರಸವಲ್ದು.”

ಯಾಕೆ ನಿಲ್ಲುತ್ತಿಲ್ಲ ಎಂಬುದನ್ನು ಅವರು ಬಿಡಿಸಿ ಹೇಳಿದರು. ಅಷ್ಟು ದೊಡ್ಡ ಗುಡ್ಡದ ತುಂಬ ಕಪ್ಪು ಸೂರು ಹಾಸಿದರೆ ಅದರ ಮೇಲಿನ ಗಾಳಿ ಕಾಯುತ್ತದೆ. ಕಾದ ಗಾಳಿ ಮೇಲೇಳುತ್ತದೆ. ಪಡುವಣದಿಂದ ತೇವ ಬರುತ್ತಿರುವ ಇವತ್ತಿನಂಥ ದಿನ ಅದು ಮೇಲೆದ್ದಲ್ಲೇ ಮೋಡ ಕಟ್ಟಿ ಸಂಜೆಗೆ ಆಲಿಕಲ್ಲು ಸುರಿಯುತ್ತದೆ. ಸೂರುಗಳು ಬೆಳ್ಳಗಿದ್ದರೆ ಬಿಸಿಲು ತಿರುಗಿ ಹೋಗುತ್ತದೆ, ನೆಲ ತಣ್ಣಗಿರುತ್ತದೆ, ಮೋಡ ಕಟ್ಟುವುದಿಲ್ಲ. ಮೊದಲು ಮುಗಿಲಿಗೆ ಇದು ಗೊತ್ತಿರಲಿಲ್ಲ, ಹಾಗಾಗಿ ಆಗಾಗ ತಪ್ಪುತ್ತಿತ್ತು. ಹೋದ ವರ್ಷ ವಸುಧಾ ಶೆಡ್ಡುಗಳನ್ನೂ ಲೆಕ್ಕಕ್ಕೆ ಸೇರಿಸಿದರು. ಸೂಚನೆ ಕೇಳಿ ಜನ ಏನು ಮಾಡುತ್ತಾರೆ ಎಂಬುದನ್ನೂ ಸೇರಿಸಿದರು. ಆಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ರಾವುತಪ್ಪ ಸ್ವಲ್ಪ ಹೊತ್ತು ಪರದೆ ನೋಡಿದ.

“ಅಂದ್ರ ಮೇಡಂ, ಇದು ಮಳಿ ಬರತೈತಿ ಅಂದ್ರ ನಮ್ಮವರು ಮುಚ್ಚತಾರ. ಮುಚ್ಚಿದ್ರ ಬರೂದಿಲ್ಲ.”

“ಹೌದು.”

“ಬರೂದಿಲ್ಲ ಅಂದ್ರ ತಗೀತಾರ. ತಗದ್ರ ಬರತೈತಿ.”

“ಅಷ್ಟ.”

“ಹಂಗಾದ್ರ ಖರೇ ಯಾವುದ್ರಿ?”

“ಅವರು ಏನರೆ ಒಂದು ಮಾಡೂತನಕ ಖರೇ ಅನ್ನೂದ ಇಲ್ಲ. ಅದನ್ನ ಹುಡುಕ್ಕೋತ ಪಾಪ ಇದು ತಿರಗಲಿಕ್ಕತ್ತದ.”

ಬೇರೆ ಊರುಗಳಲ್ಲೂ ಶೆಡ್ಡುಗಳಿದ್ದವು. ಅಲ್ಲೆಲ್ಲೂ ಹೀಗಾಗಿರಲಿಲ್ಲ. ಅಲ್ಲಿ ಮಳೆ ಎಂದರೆ ಕೆಲವರು ಮುಚ್ಚುತ್ತಾರೆ, ಕೆಲವರು ಆಕಾಶ ನೋಡಿ ಸುಮ್ಮನಿರುತ್ತಾರೆ, ಕೆಲವರು ಮದುವೆಗೆ ಹೋಗಿರುತ್ತಾರೆ. ಲೆಕ್ಕ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ತೋಳನಮಡ್ಡಿಯ ಕಥೆಯೇ ಬೇರೆ. ಎರಡು ವರ್ಷದ ಹಿಂದೆ ಅಲ್ಲಿ ಮುಕ್ಕಾಲು ಜನ ಸೂಚನೆ ನಂಬದೆ ಫಸಲು ಕಳೆದುಕೊಂಡು, ಉಳಿದವರ ಮೇಲೆ ಹೊಟ್ಟೆಕಿಚ್ಚಿನಿಂದ ಜಗಳ ತೆಗೆದು, ಊರು ಎರಡು ಭಾಗವಾಗುವುದರಲ್ಲಿತ್ತು. ಕಡೆಗೆ ಹನಮಪ್ಪನ ಗುಡಿಯ ಮುಂದೆ ಕಾಯಿ ಒಡೆದು ಆಣೆ ಮಾಡಿದರು: ಮುಗಿಲು ಮಳೆ ಎಂದರೆ ಸೊಸೈಟಿಯ ಭೋಂಗಾ, ಅಂದರೆ ಸೈರನ್ನು, ಕೂಗಬೇಕು, ಕೂಗಿದರೆ ಎಲ್ಲರೂ ಮುಚ್ಚಬೇಕು, ಬಿಸಿಲು ಎಂದರೆ ಎಲ್ಲರೂ ತೆಗೆಯಬೇಕು. ಅಂದಿನಿಂದ ಒಬ್ಬರೂ ತಪ್ಪಿರಲಿಲ್ಲ. ಬೇರೆ ಊರಿನವರು ಈ ಒಗ್ಗಟ್ಟು ನೋಡಲಿಕ್ಕೆಂದೇ ಬಸ್ಸು ಮಾಡಿಕೊಂಡು ಬರುತ್ತಿದ್ದರು.

“ನೀವ ಕೈಯಿಂದ ಒಂದು ಉತ್ತರ ಹಾಕಿಬಿಡ್ರಿ,” ಎಂದ ರಾವುತಪ್ಪ.

“ಹಾಕಬಹುದು. ಮಳಿ ಅಂತ ಹಾಕತೀನಿ ಅನಕೋರಿ. ಎಲ್ಲಾರೂ ಮುಚ್ಚತಾರ, ಮಳಿ ಬರೂದಿಲ್ಲ, ಊರಾಗಿನ ದ್ರಾಕ್ಷಿ ಎಲ್ಲಾ ಕಪ್ಪಾಗತದ. ಮುಗಿಲು ಸುಳ್ಳು ಹೇಳ್ತು ಅಂತಾರ. ಮುಂದಿನ ಸಲ ಮುಚ್ಚೂದಿಲ್ಲ. ಅವತ್ತ ಆಲಿಕಲ್ಲು ಬೀಳತದ.”

“ಅರ್ಧಾ ಮಂದಿ ಮುಚ್ಚಿದ್ರ?”

ವಸುಧಾ ಅವನ ಕಡೆ ತಿರುಗಿದರು. “ಅದನ್ನೂ ಹಾಕಿ ನೋಡೇನಿ. ಅರ್ಧಾ ಸಾಕು. ಆ ಕಡೆ ಅರ್ಧಾ ಆಗಲಿ, ಈ ಕಡೆ ಅರ್ಧಾ ಆಗಲಿ. ಮೋಡ ಕಟ್ಟೂದಿಲ್ಲ, ಉಳಿದವರದು ಬಿಸಲಾಗ ಆರಾಮ ಒಣಗತದ. ಆದ್ರ ಮುಗಿಲಿನ ಮೂಲಕ ಅದನ್ನ ಹೇಳ್ಲಿಕ್ಕೆ ಬರೂದಿಲ್ಲ. ಒಂದೂರಿಗೆ ಒಂದ ಸೂಚನಾ ಅಂತ ನಮ್ಮ ನಿಯಮ ಅದ. ಅದನ್ನ ಮುರದು, ಅರ್ಧಾ ಮಂದಿ ಮುಚ್ಚರಿ ಅಂತ ಹೇಳಿದ್ರ ಏನಾಗತದ ಅಂತನೂ ಲೆಕ್ಕಾ ಹಾಕಿಸಿದೆ.”

“ಏನಾಗತೈತ್ರಿ?”

“ಒಮ್ಮೆ ಎಲ್ಲಾರೂ ಮುಚ್ಚತಾರ ಅಂತದ, ಒಮ್ಮೆ ಯಾರೂ ಮುಚ್ಚೂದಿಲ್ಲ ಅಂತದ. ಅದರ ತಪ್ಪಲ್ಲ ಬಿಡ್ರಿ. ನಿಮ್ಮೂರವರು ಬ್ಯಾರೆ ಬ್ಯಾರೆ ನಡಕೊಂಡಿದ್ದ ಅದು ಕಂಡ ಇಲ್ಲ.”

ರಾವುತಪ್ಪನಿಗೆ ನಗು ಬಂತು, ಅರ್ಧದಲ್ಲೇ ನಿಂತಿತು. ಯಾರಾದರೂ ಹೋಗಿ ಬಾಯಿಬಿಟ್ಟು ಕೇಳಬೇಕು. ಮುಗಿಲು ಏನೂ ಹೇಳುವುದಕ್ಕೆ ಮೊದಲೇ ಅರ್ಧ ಊರು ತಾನಾಗಿ ಮುಚ್ಚಿಕೊಳ್ಳಬೇಕು. ತನ್ನ ಮನೆಯ ಶೆಡ್ಡು ಇರುವುದು ಪಡುವಣ ಮಗ್ಗುಲಿಗೆ. ಮೂಡಣದವರ ಹತ್ತಿರ ಹೋಗಿ ನಿಮ್ಮದು ಮುಚ್ಚಿ, ನಮ್ಮದು ಹಸಿರಾಗಲಿ ಎನ್ನುವ ಬಾಯಿ ಅವನಿಗಿರಲಿಲ್ಲ. ಕೇಳುವುದಾದರೆ ಮೊದಲು ಕಾಶಿಯನ್ನೇ ಕೇಳಬೇಕು.

“ಊಟದ ಹೊತ್ತು ಮುಗಿಯೂತನಕ ಕಾಯತೀನಿ,” ಎಂದರು ವಸುಧಾ. “ಆಮ್ಯಾಲ ಮಳಿ ಅಂತ ನಾನ ಒತ್ತತೀನಿ. ಎಲ್ಲಾರದೂ ಕಪ್ಪಾದ್ರೂ ಆಗಲಿ, ಮಣ್ಣಪಾಲು ಆಗೂದು ಬ್ಯಾಡ.”

ಬೈಕಿನಲ್ಲಿ ಊರು ಮುಟ್ಟುವ ಹೊತ್ತಿಗೆ ರಾವುತಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕಾಶೀಬಾಯಿ ಶೆಡ್ಡಿನಲ್ಲಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲೆಯ ಮೇಲಿನ ದ್ರಾಕ್ಷಿಯನ್ನು ಅಂಗೈಯಿಂದ ಹಗೂರಕ್ಕೆ ಹೊರಳಿಸುತ್ತಿದ್ದಳು. ಹಣ್ಣು ಆಗಲೇ ಸುಕ್ಕುಗಟ್ಟಿ ತಿಳಿಹಸಿರಿಗೆ ತಿರುಗಿತ್ತು. ಒಂದನ್ನು ತೆಗೆದು ಅವನ ಕೈಗಿಟ್ಟಳು.

“ನೋಡ್ರಿ ಬಣ್ಣಾ. ಇನ್ನೆರಡ ದಿನಾ ಹಿಂಗ ಬಿಸಿಲಿದ್ರ ಸಾಕು.”

ಅವನು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡ. ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದ. ಅವಳು ಕೈಯ ಕೆಲಸ ನಿಲ್ಲಿಸದೆ ಕೇಳಿದಳು.

“ಮಳಿ ಬರತೈತೇನು?”

“ನಾವು ಮುಚ್ಚಿದ್ರ ಬರೂದಿಲ್ಲ.”

“ಬರಲಾರದ ಮಳಿಗೆ ಯಾಕ ಮುಚ್ಚಬೇಕ್ರಿ?”

“ಮುಚ್ಚಲಿಲ್ಲಂದ್ರ ಬರತೈತಿ.”

ಕಾಶೀಬಾಯಿ ಕೈ ನಿಲ್ಲಿಸಿದಳು. ಸಿಟ್ಟು ಬಂದಾಗ ಅವಳ ಧ್ವನಿ ಏರುವುದಿಲ್ಲ, ಇಳಿಯುತ್ತದೆ. “ನನ್ನ ದ್ರಾಕ್ಷಿ ಕರ್ರಗಾಗಬೇಕು, ಆಚೀ ಮಗ್ಗಲದವರದು ಹಸರಾಗಬೇಕು. ಸಂಜೀಕ ಮಳೀನೂ ಬರೂದಿಲ್ಲ. ಅವರು ನಮ್ಮನ್ನ ನೋಡಿ ನಗಬೇಕು. ಇದನ್ನ ಹೇಳಾಕ ವಿಜಾಪುರದಿಂದ ಬೈಕ್ ಹೊಡಕೊಂಡ ಬಂದ್ರೇನು?”

“ಹೌದು.”

“ಆಚೀ ಮಗ್ಗಲಕ ಯಾಕ ಹೋಗಲಿಲ್ಲ?”

“ನಮ್ಮನಿ ಬಿಟ್ಟು ಅವರನ್ನ ಹ್ಯಾಂಗ ಕೇಳಲಿ ಕಾಶಿ?”

ಶೆಡ್ಡಿನ ಉದ್ದಕ್ಕೂ ಒಮ್ಮೆ ನಡೆದು ಹೋಗಿ ತಿರುಗಿ ಬಂದಳು. ಪಡುವಣ ದಿಕ್ಕಿನಲ್ಲಿ, ಬಯಲಿನಂಚಿಗೆ, ಹಿಂಜಿದ ಹತ್ತಿಯಷ್ಟು ಬೆಳ್ಳಗೆ ಏನೋ ಏಳುತ್ತಿತ್ತು. ಅದನ್ನು ನೋಡಿಯೂ ನೋಡದವಳಂತೆ ಗೋಡೆಯ ಮೇಲಿನ ಗುಂಡಿ ಒತ್ತಿದಳು. ಮೋಟರು ಗೊರ್ ಎಂದಿತು. ಬಿಳಿ ಪದರ ನಿಧಾನಕ್ಕೆ ಇಳಿದು ಒಂದೊಂದೇ ಅಂತಸ್ತನ್ನು ಮರೆ ಮಾಡಿತು. ಕೊನೆಯ ಅಂತಸ್ತು ಮುಚ್ಚುವವರೆಗೂ ಅವಳು ಅಲ್ಲೇ ನಿಂತಿದ್ದಳು. ರಾವುತಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳಿಂದ ಏನನ್ನಾದರೂ ಕಸಿದುಕೊಂಡಿದ್ದೇನೆ ಅಂತ ಅವನಿಗೆ ಅನ್ನಿಸಿದ್ದು ಅದೇ ಮೊದಲು.

“ನಡೀರಿ, ಮೀರಾಸಾಬಣ್ಣನ ಕಡೆ,” ಎಂದಳು. “ನಾ ಮಾತಾಡತೀನಿ. ನೀವು ಲೆಕ್ಕಾ ಹೇಳಾಕ ಹೋಗಬ್ಯಾಡ್ರಿ.”

ಪಡುವಣ ಮಗ್ಗುಲಿನಲ್ಲಿ ಮೀರಾಸಾಬನ ಮಾತು ನಡೆಯುತ್ತಿತ್ತು. ದೊಡ್ಡ ಶೆಡ್ಡುಗಳೂ ಅವನವೇ. ಕಾಶೀಬಾಯಿಯ ಸೂರು ಬೆಳ್ಳಗಾದದ್ದು ಕಂಡು ಅವನೇ ಎದುರಿಗೆ ಬರುತ್ತಿದ್ದ.

“ಏನ ಕಾಶಕ್ಕ, ಭೋಂಗಾ ಕೂಗಿಲ್ಲ, ಮುಚ್ಚೀರಿ?”

“ಅಣ್ಣಾ, ನಿಮ್ಮ ಬಾವಿ ತೋಡೂ ಮುಂದ ನಾವೆಲ್ಲಾ ಮುಯ್ಯಾಳು ಬಂದಿದ್ವಿ ಹೌದಿಲ್ಲ?”

“ಹೌದವಾ. ಮರಿಯೋ ಮಾತೇನು?”

“ಬರೂಮುಂದ ನೀರು ಬೀಳತೈತೋ ಇಲ್ಲೋ ಅಂತ ಯಾರರೆ ಕೇಳಿದ್ರೇನು? ಇವತ್ತೂ ಹಂಗ ಅನಕೋರಿ. ಇವತ್ತ ನಮ್ಮ ಮಗ್ಗಲ ಆ ಮಗ್ಗಲಕ ಮುಯ್ಯಿ ಮಾಡೂದು. ಮುಂದಿನ ಸಲ ಅವರು ನಮಗ ಮಾಡತಾರ.”

“ಅವರು ಹೂಂ ಅಂದಾರೇನು?”

“ಇನ್ನೂ ಕೇಳಿಲ್ಲ. ಕೇಳಿ ಮಾಡಿದ್ರ ಅದು ಮುಯ್ಯಿ ಹ್ಯಾಂಗಾಕ್ಕೈತಿ?”

ಮೀರಾಸಾಬ ಗಡ್ಡ ಕೆರೆದುಕೊಂಡ. ಒಬ್ಬರಿಗೊಬ್ಬರು ಕೈಯಾಳಾಗಿ ದುಡಿದು ಋಣ ತೀರಿಸಿಕೊಳ್ಳುವ ಮುಯ್ಯಿಯ ಪದ್ಧತಿ ಅವನಿಗೆ ಹೇಳಿಕೊಡಬೇಕಾದದ್ದಲ್ಲ. ಸೂರು ಮುಚ್ಚಿ ಮುಯ್ಯಿ ಮಾಡಿದ್ದನ್ನು ಮಾತ್ರ ಅವನು ಕೇಳಿರಲಿಲ್ಲ. ಅವನು ಅವಳ ಬಿಳಿ ಶೆಡ್ಡಿನ ಕಡೆ ನೋಡಿದ. ಮೊದಲ ಫಸಲು ಎಂಬುದು ಅವನಿಗೂ ಗೊತ್ತಿತ್ತು. “ನೀವ ಮುಚ್ಚೀರಿ ಅಂದಮ್ಯಾಲ ನಂದೇನೈತಿ,” ಎಂದು ತನ್ನ ಆಳುಗಳನ್ನು ಕೂಗಿದ.

ಮೀರಾಸಾಬ ಮುಚ್ಚಿದ್ದು ಕಂಡು ಇಳಿಜಾರಿನ ಉಳಿದವರೂ ಬಂದು ಕೇಳಿದರು, ಗೊಣಗಿದರು, ಹೋಗಿ ಮುಚ್ಚಿದರು. ಆ ಹೊತ್ತಿಗೆ ಗುಡ್ಡದ ನೆತ್ತಿಯಿಂದ ಮೂಡಣದ ಚನಗೊಂಡ ಗೌಡರು ಕೂಗಿ ಕೇಳಿದ್ದು ಎಲ್ಲರಿಗೂ ಕೇಳಿಸಿತು. “ಯಾಕಪಾ, ಹಗಲ ಕನಸ ಬಿತ್ತೇನು? ಬಿಸಲಾಗ ಹೊದಕೊಂಡ ಮಲಗೀರಿ?” ಮೂಡಣ ಮಗ್ಗುಲಿನವರು ನಕ್ಕರು. ಕೊನೆಯ ಸೂರು ಬೆಳ್ಳಗಾಗುತ್ತಲೇ ಎಲ್ಲರೂ ಕಾಶೀಬಾಯಿಯ ಶೆಡ್ಡಿನ ಪಕ್ಕದ ಕೋಣೆಗೆ ಬಂದು ಅವಳ ಕಂಪ್ಯೂಟರಿನ ಮುಂದೆ ಗುಂಪಾದರು.

ಬಾಣ ಇನ್ನೂ ಸುತ್ತುತ್ತಿತ್ತು. ಸುತ್ತುತ್ತ ಸುತ್ತುತ್ತ ನಿಂತಿತು. ಚೌಕದೊಳಗೆ ಹೊಸ ಅಕ್ಷರ ಮೂಡಿತು: ಇಂದು ಬಿಸಿಲು. ಮಳೆ ಇಲ್ಲ.

ರಾವುತಪ್ಪನಿಗೆ ಅಳು ಬರುವಷ್ಟು ಹಗುರವಾಯಿತು. ಅಷ್ಟರಲ್ಲಿ ಮೀರಾಸಾಬ ಎದ್ದು ನಿಂತ.

“ಅಲ್ಲಿಗೆ ಆತಲ್ಲ. ಮಳಿ ಇಲ್ಲಂತ. ತಗೀರೆಪಾ ಇನ್ನ, ಪಾಪ ಹಣ್ಣು ಬೆವರಾಕತ್ತಾವ.”

ಅವನ ಮಾತಿನಲ್ಲಿ ಕಪಟವೇನೂ ಇರಲಿಲ್ಲ. ಬಿಸಿಲು ಎಂದರೆ ತೆಗೆಯುವುದು ಎರಡು ವರ್ಷದಿಂದ ಕೈಗೆ ರೂಢಿಯಾಗಿತ್ತು. ಬಾಗಿಲ ಬಳಿ ಇದ್ದ ಇಬ್ಬರು ಆಗಲೇ ಓಡಿದ್ದರು. ಹೊರಗೆ ಮೋಟರು ಗೊರ್ ಎಂದ ಸದ್ದು. ಪರದೆಯ ಮೇಲೆ ಅಕ್ಷರ ಅಳಿಸಿಹೋಗಿ ಬಾಣ ಮತ್ತೆ ಸುತ್ತತೊಡಗಿತು.

“ಬ್ಯಾಡ್ರಿ,” ಎಂದ ರಾವುತಪ್ಪ. “ನೀವು ಮುಚ್ಚೀರಂತ ಅದು ಇಲ್ಲ ಅಂದೈತಿ. ತಗದ್ರ ಮತ್ತ ಐತಿ ಅಂತೈತಿ.”

“ಅದ ಇಲ್ಲ ಅಂದಮ್ಯಾಲ ಮುಚ್ಚಕೊಂಡು ಕುಂದರೂದು ಹ್ಯಾಂಗಪಾ?” ಮೀರಾಸಾಬನ ದನಿಯಲ್ಲಿ ಗೋಳು ಇತ್ತು. “ಕಣ್ಣೆದುರಿಗೆ ಬರದೈತಿ. ಅದನ್ನ ನೋಡಕೋತ ಹಣ್ಣ ಕೆಡಸಬೇಕಂದ್ರ ಜೀವ ಒಪ್ಪೂದಿಲ್ಲ.”

ಕಾಶೀಬಾಯಿ ಗುಂಪಿನ ನಡುವೆ ದಾರಿ ಮಾಡಿಕೊಂಡು ಹೋಗಿ ಕಂಪ್ಯೂಟರಿನ ವಾಯರನ್ನು ಗೋಡೆಯಿಂದ ಕಿತ್ತಳು. ಪರದೆ ಕಪ್ಪಾಯಿತು.

“ನೋಡಬ್ಯಾಡ್ರಿ ಹಂಗಾದ್ರ,” ಎಂದಳು. “ಫೋನೂ ಇಲ್ಲಿ ಬುಟ್ಟಿಯಾಗ ಹಾಕ್ರಿ. ಅದಕ್ಕ ನಾವು ಹೇಳೂದು ಆತು. ಅದರದು ಕೇಳೂದು ನಾಳಿ. ಹೋಗಿ ಮುಚ್ಚರಿ, ಬರ್ರಿ, ಚಹಾ ಮಾಡತೀನಿ.”

ಓಡಿದವರು ಮುಖ ಸಣ್ಣ ಮಾಡಿಕೊಂಡು ಹೋಗಿ ಮತ್ತೆ ಮುಚ್ಚಿ ಬಂದರು. ಇಡೀ ಮಧ್ಯಾಹ್ನ ಪಡುವಣ ಮಗ್ಗುಲಿನ ಜನ ಆ ಕೋಣೆಯಲ್ಲಿ, ಅದರ ನೆರಳಿನಲ್ಲಿ ಕೂತು ಚಹಾ ಕುಡಿದರು. ಮಾತು ಹೆಚ್ಚಿರಲಿಲ್ಲ. ತನ್ನ ಹಣ್ಣು ಒಳಗೆ ಬೆವರುತ್ತಿರುವುದನ್ನು ಬಲ್ಲವನಿಗೆ ಮಾತು ಎಲ್ಲಿಂದ ಬರಬೇಕು. ಪಡುವಣದ ಬಿಳುಪು ಒಂದು ಹಂತಕ್ಕೆ ಏರಿ, ಅಲ್ಲೇ ಹರಡಿ, ಹೊತ್ತು ಇಳಿಯುವಾಗ ತೆಳ್ಳಗಾಗಿ ಕರಗಿತು. ಒಂದು ಹನಿ ಬೀಳಲಿಲ್ಲ. ಮೂಡಣ ಮಗ್ಗುಲಿನಲ್ಲಿ ಕಪ್ಪು ಸೂರುಗಳ ಕೆಳಗೆ ದ್ರಾಕ್ಷಿ ಚೆನ್ನಾಗಿ ಒಣಗಿತು.

ಮರುದಿನ ತೆಗೆದು ನೋಡಿದಾಗ ಕಾಶೀಬಾಯಿಯ ಹಣ್ಣು ಕರ್ರಗಾಗಿತ್ತು. ಅವಳು ಅಳಲಿಲ್ಲ ಎಂದರೆ ಸುಳ್ಳಾದೀತು. ಶೆಡ್ಡಿನ ಹಿಂದೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಹಣ್ಣು ಹೊರಳಿಸಿದಳು. ಪಡಸಾಲೆಯ ಪೆಟ್ಟಿಗೆಗಳ ಮೇಲೆ ಒಂದು ಚಾದರ ಹೊದಿಸಿದಳು.

ಕೇಂದ್ರದಲ್ಲಿ ರಾವುತಪ್ಪ ದೂರನ್ನು ಮುಗಿಸಬೇಕಿತ್ತು. ಏನು ಮಾಡಿದ್ದರಿಂದ ಸರಿಹೋಯಿತು ಎಂಬ ಜಾಗದಲ್ಲಿ, ಬಹಳ ಯೋಚಿಸಿ, ‘ಬಳಕೆದಾರರು ನೋಡುವುದನ್ನು ನಿಲ್ಲಿಸಿದರು’ ಎಂದು ಬರೆದ. ವಸುಧಾ ಅದನ್ನು ಓದಿ ಸಹಿ ಹಾಕಿದರು.

ಊರಿನಲ್ಲಿ ಮಾತ್ರ ಅದು ಅಷ್ಟಕ್ಕೆ ಮುಗಿಯಲಿಲ್ಲ. ಬಾರದ ಮಳೆಗೆ ಹೆದರಿದವರು ಎಂದು ಪಡುವಣ ಮಗ್ಗುಲಿನವರನ್ನು ಚಹಾದಂಗಡಿಯಲ್ಲಿ ಆಡಿಕೊಂಡರು. ಗೌಡರು ಆಣೆ ಮುರಿದದ್ದಕ್ಕೆ ಸಭೆ ಕರೆಯುತ್ತೇನೆ ಎಂದೂ ಅಂದರು. ಒಂದು ದಿನ ರಾವುತಪ್ಪನನ್ನು ದಾರಿಯಲ್ಲಿ ತಡೆದು ಕೇಳಿದರು.

“ಖರೇ ಹೇಳು ರಾವುತಪ್ಪ. ಅವತ್ತ ಮಳಿ ಬರ್ತಿತ್ತೇನು?”

“ಅದನ್ನ ಹ್ಯಾಂಗ ತೋರಸಲ್ರಿ ಗೌಡ್ರ. ಅವರು ಮುಚ್ಚಿದ್ರು. ಬರಲಿಲ್ಲ. ನಿಮ್ಮದು ಹಸರ ಉಳೀತು.”

ಗೌಡರು ಪಡುವಣ ಮಗ್ಗುಲಿನ ಕಡೆ ಒಮ್ಮೆ ನೋಡಿ ಗಾಡಿ ಹತ್ತಿದರು.

ಮಣೂಕ ಪೂರ್ತಿ ಒಣಗಿದ ಮೇಲೆ ಕಾಶೀಬಾಯಿ ಒಂದು ಕೆಲಸ ಮಾಡಿದಳು. ಮನೆಯಲ್ಲಿದ್ದ ಬಟ್ಟಲುಗಳನ್ನೆಲ್ಲ ತೆಗೆದಳು, ಸಾಲದ್ದಕ್ಕೆ ಮೀರಾಸಾಬನ ಮನೆಯಿಂದಲೂ ತಂದಳು. ಒಂದೊಂದರಲ್ಲೂ ಕಪ್ಪು ಮಣೂಕ ತುಂಬಿ ಮೂಡಣ ಮಗ್ಗುಲಿನ ಮನೆಮನೆಗೆ ತಾನೇ ಹೋಗಿ ಕೊಟ್ಟು ಬಂದಳು. ನಮ್ಮ ತೋಟದ ಮೊದಲನೇದು, ತಿನ್ನರಿ ಎಂದಳು, ಮತ್ತೇನೂ ಹೇಳಲಿಲ್ಲ. ಗೌಡರ ಹೆಂಡತಿ ಬಟ್ಟಲು ಇಸಿದುಕೊಂಡು, ಬಣ್ಣ ನೋಡಿ, ತಲೆ ತಗ್ಗಿಸಿದರಂತೆ. ಒಂದು ಮನೆಯಿಂದ ಬಂದ ಬಟ್ಟಲನ್ನು ಬರಿದಾಗಿ ತಿರುಗಿ ಕಳಿಸುವುದು ಆ ಕಡೆ ಯಾರೂ ಮಾಡುವುದಿಲ್ಲ. ಸಕ್ಕರೆಯೋ ಶೇಂಗಾವೋ, ಏನಾದರೂ ಹಾಕಿಯೇ ಕೊಡುತ್ತಾರೆ. ಈ ಬಟ್ಟಲುಗಳು ಮಾತ್ರ ತಿರುಗಿ ಬರಲೇ ಇಲ್ಲ. ಏನು ಹಾಕಿ ಕಳಿಸಬೇಕೆಂದು ಯಾರಿಗೂ ತಿಳಿದಂತೆ ಕಾಣಲಿಲ್ಲ. ಮೀರಾಸಾಬನ ಹೆಂಡತಿ ತನ್ನ ಸ್ಟೀಲಿನ ಬಟ್ಟಲುಗಳಿಗಾಗಿ ಎರಡು ಸಲ ಹೇಳಿ ಕಳಿಸಿದಳು.

ಬೇಸಿಗೆ ಇನ್ನೂ ಏರಿತು. ತೋಟದಲ್ಲಿ ಹಿಂದೆ ಉಳಿದಿದ್ದ ಗೊಂಚಲುಗಳನ್ನು ಕೊಯ್ದು ಕಾಶೀಬಾಯಿ ಮತ್ತೆ ಶೆಡ್ಡಿಗೇರಿಸಿದಳು. ಫಸಲಿನಲ್ಲಿ ಕಡೆಯ ಪಾಲು ಅದು, ಹೆಚ್ಚೇನಿರಲಿಲ್ಲ. ಅದು ಸುಕ್ಕುಗಟ್ಟುವ ಹೊತ್ತಿಗೆ ಪಡುವಣದಿಂದ ಮತ್ತೆ ತೇವದ ಗಾಳಿ ಬೀಸಿತು.

ರಾವುತಪ್ಪ ಕೇಂದ್ರಕ್ಕೆ ಹೋದಾಗ ವಸುಧಾ ಆಗಲೇ ಪರದೆಯ ಮುಂದೆ ಇದ್ದರು. ತೋಳನಮಡ್ಡಿಯ ಲೆಕ್ಕ ಮಳೆ, ಇಲ್ಲ, ಮಳೆ, ಇಲ್ಲ ಎಂದು ಓಡುತ್ತಿತ್ತು. ಗುಡ್ಡದ ಎರಡೂ ಮಗ್ಗುಲು ಕಪ್ಪು.

“ಈ ಸಲ ಯಾರನ್ನ ಕೇಳೋಣು?” ಎಂದರು ವಸುಧಾ.

ಕಾಶಿಯನ್ನು ಇನ್ನೊಮ್ಮೆ ಕೇಳುವುದು ರಾವುತಪ್ಪನಿಂದ ಸಾಧ್ಯವಿರಲಿಲ್ಲ. ಕೇಳಿದರೆ ಅವಳು ಮುಚ್ಚಿಯೇ ಬಿಡುತ್ತಾಳೆ ಎಂಬುದೂ ಗೊತ್ತಿತ್ತು, ಅದಕ್ಕೇ ಕೇಳಬಾರದು. ಆಚೆ ಮಗ್ಗುಲಿನವರನ್ನು ಕೇಳಿದರೆ ಅದು ಮುಯ್ಯಿಯಾಗುವುದಿಲ್ಲ, ವಸೂಲಿಯಾಗುತ್ತದೆ. ಅವನು ಕುರ್ಚಿ ಎಳೆದು ಕೂತು ಗೋಡೆಯ ಮೇಲಿನ ಚುಕ್ಕೆಗಳನ್ನು ನೋಡುತ್ತ ಹೋದ. ಹೊತ್ತು ಏರಿತು. ಯಾರೋ ತಂದಿಟ್ಟ ಚಹಾ ಆರಿತು.

ಮೂಡಣ ಮಗ್ಗುಲಿನ ನೆತ್ತಿಯ ಹತ್ತಿರ ಒಂದು ಚುಕ್ಕೆ ಬೆಳ್ಳಗಾಯಿತು.

ವಸುಧಾ ಅದರ ಮೇಲೆ ಬೆರಳಿಟ್ಟು ಹೆಸರು ತೆಗೆಸಿದರು. ಚನಗೊಂಡ ಗೌಡರ ಶೆಡ್ಡು. ಅದರ ಪಕ್ಕದ್ದು ಬೆಳ್ಳಗಾಯಿತು. ಕೆಳಗಿನ ಸಾಲಿನಲ್ಲಿ ಎರಡು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ನಾಲ್ಕು, ಮತ್ತೆ ಒಂದು ಸಾಲಿಗೆ ಸಾಲೇ. ಮುಚ್ಚದೆ ಉಳಿದವರೂ ಇದ್ದರು, ಊರೆಂದ ಮೇಲೆ ಇರುತ್ತಾರೆ. ಆದರೆ ಪಡುವಣ ಮಗ್ಗುಲು ಕಪ್ಪಾಗಿಯೇ ಇತ್ತು, ಮೂಡಣ ಮಗ್ಗುಲು ಸಾಕಷ್ಟು ಬೆಳ್ಳಗಾಗಿತ್ತು. ಸಣ್ಣ ಪರದೆಯ ಓಟ ನಿಧಾನವಾಗಿ, ‘ಮಳೆ ಇಲ್ಲ’ ಎಂಬಲ್ಲಿ ನಿಂತಿತು.

ಅವನು ಫೋನು ಹಚ್ಚಿದ.

“ಕಾಶಿ, ಮುಗಿಲು ಹೊಸಾದು ತೋರಸೈತಿ ನೋಡು.”

“ನಾ ಎಲ್ಲಿ ನೋಡಲ್ರಿ, ಅದರ ವಾಯರ ಮುಂಜಾನೇನ ತಗದ ಇಟ್ಟೀನಿ,” ಎಂದಳು ಕಾಶೀಬಾಯಿ. ಹಿಂದಿನಿಂದ ಮೀರಾಸಾಬ ಯಾರನ್ನೋ ಕೂಗುವುದು ಕೇಳಿಸಿತು. “ಗುಡ್ಡದ ನೆತ್ತೀಗಿ ಬಂದೀವಿ, ಇಲ್ಲಿಂದ ಕಾಣಾಕತ್ತೈತಿ. ಆಚೀ ಮಗ್ಗಲೆಲ್ಲಾ ಬೆಳ್ಳಗ. ಬಟ್ಟಲಾ ತಿರಗಿ ಬಂದೂ ಅನಕೊಂಡೆ.”

ರಾವುತಪ್ಪ ಗೋಡೆಯ ಮೇಲಿನ ಬಿಳಿ ಚುಕ್ಕೆಗಳನ್ನು ಮತ್ತೊಮ್ಮೆ ಎಣಿಸಿದ.

“ಫೋನ್ ಇಡ್ರಿ,” ಎಂದಳು ಅವಳು. “ಹಣ್ಣ ಹೊರಳಸೂದೈತಿ. ಸಂಜೀಕ ಬರೂಮುಂದ ಪೆಟಗಿಗೆ ಹಚ್ಚಾಕ ಟೇಪ್ ತರ್ರಿ.”

ಅವನು ಕೆಳಗಿಳಿದು ಹೋಗಿ ತನ್ನ ಜಾಗದಲ್ಲಿ ಕೂತು ದೂರಿನ ಪುಟ ತೆರೆದ. ಬೆಳಗಿನಿಂದ ಅಷ್ಟು ಹೊತ್ತು ಮುಗಿಲು ನಿಂತಿದ್ದರೂ ತೋಳನಮಡ್ಡಿಯಿಂದ ಒಂದು ದೂರೂ ಬಂದಿರಲಿಲ್ಲ.